ನೀನು ಹಾರಿಸಿದ ಪುಟ

ಅಕ್ಕಾ,

ನಾನು ಜ್ವರದಲ್ಲಿ ಮಲಗಿದ್ದ ಆ ಬೇಸಿಗೆ ರಜೆಯಲ್ಲಿ ನೀನು ನನಗೆ ಮೋಸ ಮಾಡಿದೆ. ಮಾಯಾಲೋಕದ ಆ ಏಳು ಸಂಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವಾಗ ಒಂದು ಪುಟವನ್ನು ಹಾರಿಸಿಬಿಟ್ಟೆ.

ಇವತ್ತು ಲೈಬ್ರರಿಯಲ್ಲಿ ಓದುಗರ ಸಭೆಯಿತ್ತು. ಆ ಕತೆಯ ಮುದಿ ಮಂತ್ರವಾದಿಯನ್ನು ಎಲ್ಲರೂ ಬಾಯಿಗೆ ಬಂದಂತೆ ಬೈಯುತ್ತಿದ್ದರು. "ಅಂಥ ಗುರು ಇನ್ನೆಲ್ಲಿ ಸಿಗ್ತಾನ್ರೀ?" ಎಂದು ನಾನು ಎದ್ದುನಿಂತು ವಾದಿಸಿದೆ. ಕನ್ನಡಕದ ಹುಡುಗಿಯೊಬ್ಬಳು ಐದನೆಯ ಸಂಪುಟ ತೆರೆದು, ನಾನು ಕೇಳಿಯೇ ಇರದ ಪುಟವೊಂದನ್ನು ಓದಿದಳು. ಸೇತುವೆ ಮುರಿಯುತ್ತದೆಂದು ಗೊತ್ತಿದ್ದೂ ಅವನೇ ಶಿಷ್ಯೆಯನ್ನು ಅದರ ಮೇಲೆ ಕಳಿಸಿದ್ದ!

"ಅಂಕಲ್, ನೀವು ಪುಸ್ತಕ ಓದಿದ್ದೀರೋ, ಇಲ್ಲಾ ಯಾರಾದ್ರೂ ಕತೆ ಹೇಳಿ ಮಲಗಿಸಿದ್ರೋ?" ಎಂದಳು. ಸಭೆಯೆಲ್ಲ ನಕ್ಕಿತು.

ಈ ಲೈಬ್ರರಿಯ ಅರ್ಧದಷ್ಟು ಪುಸ್ತಕ ಓದಿದವನು ನಾನು. ಆ ಏಳನ್ನು ಮಾತ್ರ ಮತ್ತೆ ತೆರೆಯಲಿಲ್ಲ, ಅವು ನಿನ್ನ ದನಿಯಲ್ಲೇ ಉಳಿಯಲಿ ಎಂದು. ಈಗ ಆ ಮಂತ್ರವಾದಿಯ ಮೇಲೆ ಸಿಟ್ಟಾಗೋಣವೆಂದರೂ ಅವನು ನಿನ್ನಂತೆಯೇ ಮಾತಾಡುತ್ತಾನೆ, ನಡುನಡುವೆ ನಿನ್ನಂತೆಯೇ ಕೆಮ್ಮುತ್ತಾನೆ. ಆ ಕೆಮ್ಮು ಏನೆಂದು ನಿನಗೆ ಗೊತ್ತಿತ್ತು. ಸಾಯುವವರೆಗೂ ನನಗೆ ಹೇಳಲಿಲ್ಲ.

ಮುಂದಿನ ಸಭೆಗೆ ಬಾ. ಎಲ್ಲರೆದುರು ನಿಂತು ಉತ್ತರ ಕೊಡು: ಗೊತ್ತಿದ್ದೂ ಹೇಳದೆ ಹೋದವರನ್ನು ಇಷ್ಟೊಂದು ಪ್ರೀತಿಸಿದವರು ಈಗ ಏನು ಮಾಡಬೇಕು?