ಮೂಕ ನಾಯಕನ ನರಳಾಟ

ಭಾನುವಾರ, ಮಾರ್ಚ್ ೧೫

ಪ್ರೀತಿಯ ಕಿವಿರಾಯನಿಗೆ,

ನಿನ್ನ ಗಂಟಲಪ್ಪನ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನೀನೂ, ನಿನ್ನ ಆ ಎರಡು ಅಮೂಲ್ಯ ಕಿವಿಗಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರಿಸಲು ಮೂರು ವಾರ ತಡವಾಯಿತು, ಕ್ಷಮಿಸು. ತಡಕ್ಕೆ ಕಾರಣ ಕೆಲಸವಲ್ಲ, ಸಿಟ್ಟು. ಸಿಟ್ಟಿನಲ್ಲಿ ಬರೆದ ನಾಲ್ಕು ಕಾಗದಗಳನ್ನು ಹರಿದು ಹಾಕಿದೆ. ಇದು ಐದನೆಯದು. ಇದರಲ್ಲಿ ಸಿಟ್ಟು ಆರಿಹೋಗಿ ಬರೀ ತಿರಸ್ಕಾರ ಉಳಿದಿರುವುದರಿಂದ ಓದಲು ಯೋಗ್ಯವಾಗಿದೆ.

ಕಳೆದ ವರ್ಷ ನಿನ್ನ ಸ್ಟುಡಿಯೋದಲ್ಲಿ ಹನ್ನೊಂದು ದಿನ ಕೂತು ದನಿ ಕೊಟ್ಟೆನಲ್ಲ, ಆ ವಿಡಿಯೊ ಗೇಮು ಹೊರಬಂದಿದೆ. ಅದರ ನಾಯಕ, ಕಳೆದುಹೋದ ತಂಗಿಯನ್ನು ಹುಡುಕುತ್ತ ದೋಣಿಯಲ್ಲಿ ಊರೂರು ಅಲೆಯುವ ಅಂಬಿಗ, ಅಂದರೆ ನಾನು, ಈಗ ಮೂಕ. ಎಂಟುನೂರು ಚಿಲ್ಲರೆ ಮಾತುಗಳಲ್ಲಿ ಒಂದೂ ಉಳಿದಿಲ್ಲ. ಮೂವತ್ತು ವರ್ಷ ಈ ಗಂಟಲಿನಿಂದಲೇ ಸಂಸಾರ ನಡೆಸಿದವನು ನಾನು. ತಪ್ಪು ಗೇಮು ಮಾಡಿದವರ ಸಿದ್ಧಾಂತದ್ದೋ, ನನ್ನ ಗಂಟಲಿನದೋ? ಈ ಪ್ರಶ್ನೆ ದಿನವೂ ಊಟದ ಮಧ್ಯೆ ಬಂದು ಎದುರಿಗೆ ಕೂರುತ್ತದೆ. ಸದ್ಯಕ್ಕೆ ಸಿದ್ಧಾಂತದ್ದೇ ಎಂದು ಇಟ್ಟುಕೊಳ್ಳೋಣ. ಬೈಯಲು ಅದೇ ಅನುಕೂಲ.

ವಿವರಣೆ ಕೇಳಲು ನಿರ್ದೇಶಕ ಮಹಾಶಯರ ಕಚೇರಿಗೇ ಹೋದೆ. ಆ ಕಟ್ಟಡದ ಲಿಫ್ಟಿನಲ್ಲಿ "ನಾಲ್ಕನೆಯ ಮಹಡಿ" ಎಂದು ಸಾರುವುದೂ ನನ್ನದೇ ದನಿ. ಲಿಫ್ಟಿಗೆ ಸಿದ್ಧಾಂತಗಳಿಲ್ಲ ನೋಡು, ಆದ್ದರಿಂದ ಇನ್ನೂ ಇಟ್ಟುಕೊಂಡಿದೆ. ಪಕ್ಕದಲ್ಲಿ ಒಳ್ಳೆಯ ಕುರ್ಚಿ ಇದ್ದರೂ ಮಹಾಶಯರು ಒಂದು ದೊಡ್ಡ ರಬ್ಬರ್ ಚೆಂಡಿನ ಮೇಲೆ ಆಸೀನರಾಗಿದ್ದರು. ಜ್ಞಾನೋಪದೇಶವೆಲ್ಲ ಮೇಲಕ್ಕೂ ಕೆಳಕ್ಕೂ ಪುಟಿಯುತ್ತಲೇ ನಡೆಯಿತು.

"ಸಾರ್, ನಾಯಕ ಬಾಯಿ ತೆಗೆದ ತಕ್ಷಣ ಅವನು ಬೇರೆ ಯಾರೋ ಆಗ್ಬಿಡ್ತಾನೆ. ಆಡೋರು ಹೊರಗೇ ಉಳೀತಾರೆ. ಅವನು ಸುಮ್ನಿದ್ರೆ ಆಡೋರೇ ನಾಯಕ. ತಲ್ಲೀನತೆ ಅಂದ್ರೆ ಅದೇ."

"ಹಾಗಾದ್ರೆ ಮುಖಾನೂ ತೆಗೀಬೇಕಿತ್ತಲ್ಲಪ್ಪ! ಆಡೋರಿಗೆಲ್ಲ ಅಷ್ಟುದ್ದ ಗಡ್ಡ ಇರುತ್ತಾ?"

"ಗಡ್ಡ ತೊಂದ್ರೆ ಕೊಡಲ್ಲ ಸಾರ್. ದನಿ ಕೊಡುತ್ತೆ."

ಎಂಥ ತಲ್ಲೀನತೆಯಯ್ಯಾ ಇದು, ಒಂದು ಮಾತು ಕಿವಿಗೆ ಬಿದ್ದರೆ ಒಡೆದುಹೋಗುವಂಥದ್ದು! ಗುಳ್ಳೆ ಕೂಡ ಇದಕ್ಕಿಂತ ಗಟ್ಟಿ.

ಇದರ ಪರಿಣಾಮವನ್ನು ನೀನು ಕಣ್ಣಾರೆ ನೋಡಬೇಕು. ಮೂಕನ ಪಾಲಿನ ಮಾತನ್ನೂ ಈಗ ಎದುರಿಗಿದ್ದವರೇ ಆಡುತ್ತಾರೆ. "ಏನಂದೆ? ಸೇತುವೆ ಮುರಿದಿದೆಯಾ? ನಿನ್ನ ತಂಗಿ ಆ ಕಡೆ ಹೋದಳಾ?" ಎಂದು ಹಗ್ಗದಂಗಡಿಯವನು ಕೇಳುತ್ತಾನೆ. ಇವನು ಏನೂ ಅಂದಿಲ್ಲ ಕಣೋ! ಕಂಬದ ಹಾಗೆ ನಿಂತಿದ್ದಾನೆ. ಫೋನಿನಲ್ಲಿ ಆ ಕಡೆಯವರು ಹೇಳಿದ್ದನ್ನೆಲ್ಲ ಮನೆಮಂದಿಗೆ ಕೇಳಿಸುವಂತೆ ಗಟ್ಟಿಯಾಗಿ ಒಪ್ಪಿಸುವ ನಮ್ಮ ದೊಡ್ಡತ್ತೆ ನೆನಪಾದಳು. ಮೊದಲ ಸಲ ನೋಡಿದಾಗ ನನ್ನವಳು, "ಪಾಪ, ಇವನಿಗೇನು ಬಾಯಿಹುಣ್ಣಾ?" ಎಂದಳು.

ಹಾಗೆಂದು ನನ್ನನ್ನು ಪೂರ್ತಿ ಹೊರಗೆ ಹಾಕಿದ್ದಾರೆನ್ನುವುದು ಅನ್ಯಾಯವಾದೀತು. ಹಾರುವಾಗ "ಹುಪ್", ಬಿದ್ದಾಗ "ಹಾ", ನೀರು ಕುಡಿದು ಮುಳುಗುವಾಗ ಒಂದು ದೀರ್ಘ ಗೊರಗೊರ, ಇವಿಷ್ಟೂ ನನ್ನವೇ. ಕೊನೆಯಲ್ಲಿ ಬರುವ ಪಟ್ಟಿಯಲ್ಲಿ "ಇತರೆ ಸದ್ದುಗಳು" ಎಂಬುದರ ಕೆಳಗೆ, ಬಾಗಿಲು ಕಿರ್ರೆನ್ನಿಸಿದವನ ಪಕ್ಕದಲ್ಲಿ ನನ್ನ ಹೆಸರಿದೆ. ನನ್ನವಳು ಅದನ್ನೂ ಬಿಡಲಿಲ್ಲ. "ಇದಕ್ಕೆ ಹನ್ನೊಂದು ದಿನ ಬೇಕಿತ್ತಾ? ದಿನಾ ಸೋಫಾದಿಂದ ಏಳೋವಾಗ ಮಾಡೋ ಸದ್ದೇ ಅಲ್ವಾ ಇದು!"

ಮೊನ್ನೆ ಮಧ್ಯಾಹ್ನ ಮಗಳು ಆಡುತ್ತ ಆಡುತ್ತ ಕೊನೆಯ ದೃಶ್ಯಕ್ಕೆ ಬಂದಳು. ದೋಣಿ ದಡ ಮುಟ್ಟುತ್ತದೆ. ತಂಗಿ ಬೆನ್ನು ಹಾಕಿ ಬಟ್ಟೆ ಒಣಗಹಾಕುತ್ತಿದ್ದಾಳೆ. ಇಲ್ಲಿ ನಾಯಕ "ಇಷ್ಟು ದಿನ ಎಲ್ಲಿದ್ದೆ ಪುಟ್ಟೀ?" ಅನ್ನಬೇಕು. ಆ ಒಂದು ಮಾತನ್ನು ಬಚ್ಚಲುಮನೆಯಲ್ಲಿ ನಿಂತು ಒಂದು ವಾರ ಅಭ್ಯಾಸ ಮಾಡಿ, ನೀರು ಖಾಲಿ ಮಾಡಿದ್ದಕ್ಕೆ ಬೈಸಿಕೊಂಡು, ಕೊನೆಗೆ ನಿನ್ನ ಮೈಕಿನ ಮುಂದೆ ಹೇಳಿದ್ದೆ. ಈಗ ಅಲ್ಲಿ ಬರೀ ಗಾಳಿಯ ಸದ್ದು. ತಂಗಿ ತಿರುಗುತ್ತಾಳೆ, ಇವನು ಕಣ್ಣು ಬಿಟ್ಟುಕೊಂಡು ನಿಂತಿದ್ದಾನೆ. ನೋಡೇ, ಎಂಥ ಪೆದ್ದ, ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಗುಂಡಿ ಒತ್ತುವುದನ್ನು ಬಿಟ್ಟು ಪರದೆಗೇ ಹೇಳಿದಳು, "ಎಲ್ಲಿಗೆ ಹೋಗಿದ್ಯೇ ನೀನು?"

ಕಣ್ಣಲ್ಲಿ ನೀರು. ಇಪ್ಪತ್ತೆರಡು ವರ್ಷದ ಹುಡುಗಿ!

"ನನ್ನ ದನಿ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತಲ್ವೇನೇ?" ಎಂದೆ. ನಾಚಿಕೆ ಬಿಟ್ಟು ಕೇಳಿದೆ.

"ಇರ್ತಿತ್ತಪ್ಪ. ಆದ್ರೆ ಆಗ ನಾನು ಅಳ್ತಿರಲಿಲ್ಲ. ನಿನ್ನನ್ನೇ ನೋಡ್ತಾ ಕೂತಿರ್ತಿದ್ದೆ."

ಹೀಗೆ ಆ ದರಿದ್ರ ಸಿದ್ಧಾಂತ ನನ್ನ ಮನೆಯಲ್ಲೇ, ನನ್ನ ಚಾಪೆಯ ಮೇಲೇ ಒಂದು ಮತ ಗಿಟ್ಟಿಸಿಕೊಂಡಿತು. ಸೋತವನ ಗಾಂಭೀರ್ಯದಿಂದ ಎದ್ದು ಅಡುಗೆಮನೆಗೆ ಹೋದೆ. ಏಳುವಾಗ ಆ ಸದ್ದು ಬಂತು. ತಾಯಿ ಮಗಳು ಇಬ್ಬರೂ ನಕ್ಕರು.

ಇರಲಿ. ನಿನ್ನ ಮನೆಯವರ ಮಂಡಿನೋವು ಹೇಗಿದೆ? ನಡೆಯುವಾಗ ಕೋಲು ಹಿಡಿಯಲು ನಾಚಿಕೆ ಬೇಡವೆಂದು ನನ್ನವಳು ಹೇಳಿಕಳಿಸಿದ್ದಾಳೆ. ಮೊಮ್ಮಗಳು ಮಾತು ಕಲಿಯುತ್ತಿದ್ದಾಳೆಂದು ಬರೆದಿದ್ದೆ. ಅವಳಿಗೆ ನನ್ನ ಆಶೀರ್ವಾದ. ಯಾರ ತಲ್ಲೀನತೆ ಎಷ್ಟೇ ಹಾಳಾದರೂ ಬಾಯ್ತುಂಬ ಮಾತಾಡಿಕೊಂಡು ನೂರು ವರ್ಷ ಬಾಳಲಿ.

ಇಂತಿ ನಿನ್ನ,
ಗಂಟಲಪ್ಪ

ತಾ.ಕ.: ಹರಿದ ನಾಲ್ಕು ಕಾಗದಗಳಲ್ಲಿ ಇದ್ದದ್ದು, ಮೇಲೆ ಬಿಟ್ಟದ್ದು ಇಷ್ಟು. ಅವತ್ತು ಹೊರಡುವಾಗ ನಿರ್ದೇಶಕ ಲಿಫ್ಟಿನವರೆಗೂ ಬಂದ. ಒಳ್ಳೆಯ ಹುಡುಗನೇ. ಸಮಾಧಾನಕ್ಕೆಂದು ಹೇಳಿದ: "ನನಗೇನೋ ನಿಮ್ಮ ದನಿ ಇಟ್ಕೊಳ್ಳೋಣ ಅಂತಲೇ ಇತ್ತು ಸಾರ್. ಎಲ್ಲ ಕೂತು ಕೇಳಿದ ದಿನ ನಿಮ್ಮ ಸ್ನೇಹಿತ್ರೇ, ದನೀಲಿ ವಯಸ್ಸು ಕೇಳಿಸ್ತಿದೆ, ತೆಗೆದ್ಬಿಡಿ ಅಂದ್ರು. ಮೂಕ ನಾಯಕ ಅನ್ನೋದು ನಮಗೆ ಆಮೇಲೆ ಹೊಳೆದದ್ದು."

ನಿನ್ನ ಕಿವಿ ತಪ್ಪುವುದಿಲ್ಲ. ನಿನಗೆ ಕೇಳಿಸಿದೆ ಎಂದರೆ ಇದ್ದಿರಬೇಕು. ಆದರೆ ಮೂವತ್ತು ವರ್ಷ ಆ ಗಾಜಿನ ಆಚೆ ಕೂತು, ಒಂದು ಅಕ್ಷರ ಸವೆದರೂ ನೀನು ಬೆರಳೆತ್ತುತ್ತಿದ್ದೆ: ಇನ್ನೊಮ್ಮೆ. ಈ ಸಲ ಹನ್ನೊಂದು ದಿನದಲ್ಲಿ ಒಂದು ಸಲವೂ ಎತ್ತಲಿಲ್ಲ. ನಾನು ಅದನ್ನು ಮೆಚ್ಚುಗೆ ಅಂದುಕೊಂಡು ಮನೆಯಲ್ಲಿ ಜಂಬ ಕೊಚ್ಚಿದೆ. ಒಂದೇ ಒಂದು ಸಲ ಬೆರಳೆತ್ತಿದ್ದರೆ ಆಗುತ್ತಿತ್ತಲ್ಲೋ. ನಾನು ಇನ್ನೊಮ್ಮೆ ಹೇಳುತ್ತಿದ್ದೆ.