ಕ್ರಾನಿಕ್ ಅಂದ ಮೇಲೆ ಬಂದವರು

ಮಿರ್ಲೆ
೧೨ ನವೆಂಬರ್ ೨೦೨೪

ಪ್ರೀತಿಯ ಸುಕನ್ಯ,

ನಿಮ್ಮೂರು ಕೋಟೆಯಲ್ಲಿ ನೀನು, ನಿಮ್ಮ ಯಜಮಾನರು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಬೆಳಗಿನ ಹೊತ್ತು ಬೆರಳುಗಳು ಊದಿಕೊಂಡು ಪೆನ್ನು ಹಿಡಿಯಲು ಒಪ್ಪುವುದಿಲ್ಲ. ಬಿಸಿಲೇರಿದ ಮೇಲೆ ನಾಲ್ಕು ಸಾಲು ಬರೆದು ಎತ್ತಿಡುತ್ತೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಉಸಾರಾದ್ಯೇನೇ?" ಅನ್ನುತ್ತೀಯ, ನಾನು "ಹ್ಞೂಂ" ಅಂದುಬಿಡುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ.

ನಿನಗೊಂದು ತಮಾಷೆ ಹೇಳಬೇಕು. ಆಗಸ್ಟಿನಲ್ಲಿ ಕೆ.ಆರ್. ನಗರದ ಡಾಕ್ಟರು ನನ್ನ ಕೀಲುಗಳನ್ನು ಒತ್ತಿ ನೋಡಿ, "ಇದು ಕ್ರಾನಿಕ್ ಕಣಮ್ಮ" ಎಂದದ್ದೇ ತಡ, ನಮ್ಮ ಯಜಮಾನರ ಮುಖ ಬಿಳುಚಿಕೊಂಡಿತು. ಅವರ ಚಿಕ್ಕಪ್ಪನಿಗೂ ಯಾರೋ ಡಾಕ್ಟರು ಇದೇ ಪದ ಹೇಳಿದ್ದರಂತೆ, ಆ ವರ್ಷವೇ ಅವರು ತೀರಿಕೊಂಡರಂತೆ. ಹಾಗಾಗಿ ಕ್ರಾನಿಕ್ ಅಂದರೆ ಕೊನೆಗಾಲ ಎಂದೇ ಇವರು ತಿಳಿದಿದ್ದರು. ವಾಪಸ್ ಬಸ್ಸು ಹತ್ತಿದೆವು. ನನಗೆ ಕಿಟಕಿ ಸೀಟು ಬಿಟ್ಟುಕೊಟ್ಟರು, ಕೇಳದೆಯೇ ಕಡ್ಲೆಕಾಯಿ ಕೊಡಿಸಿದರು. ಮದುವೆಯಾದಾಗಿನಿಂದ ಇಷ್ಟು ಉಪಚಾರ ಕಂಡವಳಲ್ಲ ನಾನು, ಸುಮ್ಮನೆ ತಿಂದೆ.

ಊರಿಗೆ ಬಂದವರೇ ಎಲ್ಲರಿಗೂ ಹೇಳಿಬಿಟ್ಟರು. ಶುರುವಾಯಿತು ನೋಡು, ಕಾಯಿಲೆ ನೋಡಲು ಬರುವವರ ಸಾಲು! ಬ್ರೆಡ್ಡು, ಮೂಸಂಬಿ, ಎಳನೀರು. ಪಕ್ಕದ ಮನೆ ಮಂಗಳಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, "ಏನೂ ಆಗಾಕಿಲ್ಲ ಬುಡವ್ವ, ಧೈರ್ಯವಾಗಿರು" ಎನ್ನುತ್ತಾ ನನ್ನ ಒಲೆಯ ಮುಂದೆ ನಿಂತು ಮುದ್ದೆ ತಿರುವಿಕೊಟ್ಟಳು. ನೀನೂ ಆ ವಾರವೇ ಎರಡು ಬಸ್ಸು ಬದಲಾಯಿಸಿ ಬಂದೆ, ನನ್ನ ಕೈ ಹಿಡಿದು ಅತ್ತೆ.

ಹುಣಸೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿರುವ ನಮ್ಮ ಸೊಸೆ ಮಧುಶ್ರೀ ಭಾನುವಾರ ಬಂದವಳು ಇದನ್ನೆಲ್ಲ ಕೇಳಿ ನಕ್ಕೂ ನಕ್ಕೂ ಸುಸ್ತಾದಳು. "ಅತ್ತೆ, ಕ್ರಾನಿಕ್ ಅಂದ್ರೆ ಜೋರು ಅಂತಲ್ಲ, ಬಹಳ ಕಾಲ ಇರೋದು ಅಂತ. ಸಣ್ಣ ಕೆಮ್ಮು ವರ್ಷಗಟ್ಟಲೆ ಬಿಡದೇ ಇದ್ರೂ ಕ್ರಾನಿಕ್ಕೇ. ಪ್ರಾಣ ತೆಗೆಯೋ ಜ್ವರ ನಾಲ್ಕೇ ದಿನ ಇದ್ರೆ ಅದು ಕ್ರಾನಿಕ್ ಅಲ್ಲ" ಎಂದಳು. ಕಾಯಿಲೆಗೆ ಮಾತ್ರವೇ ಎಂದು ಕೇಳಿದೆ. ಊರಿನ ನೀರಿನ ತಾಪತ್ರಯಕ್ಕೂ, ಸುಳ್ಳು ಹೇಳುವ ಚಟದವರಿಗೂ ಹೇಳುತ್ತಾರಂತೆ! "ಹಂಗಾದ್ರೆ ನನ್ನ ಸುಕನ್ಯನ ಸ್ನೇಹಕ್ಕೂ ಅನ್ನಬೌದೇನೇ?" ಎಂದೆ. "ಇಲ್ಲ ಅತ್ತೆ, ಒಳ್ಳೇದಕ್ಕೆ ಹಂಗೆ ಅನ್ನಲ್ಲ" ಎಂದಳು. ಒಳ್ಳೆಯದು ಬಹಳ ಕಾಲ ಇದ್ದರೆ ಏನನ್ನುತ್ತಾರೋ, ಕೇಳುವುದು ಮರೆತೆ.

ನಾನು ಸಾಯುವುದಿಲ್ಲ ಎಂದು ಗೊತ್ತಾದ ಮೇಲೆ ಬ್ರೆಡ್ಡು ನಿಂತಿತು. ಯಜಮಾನರು ಕಿಟಕಿ ಸೀಟನ್ನು ವಾಪಸ್ ತೆಗೆದುಕೊಂಡರು. ಯಾರ ಮೇಲೂ ಸಿಟ್ಟಿಲ್ಲ ಕಣೇ. ಒಂದು ಸಲ ನೋಡಿ ಬರುವುದು ನಮ್ಮಲ್ಲಿ ಪದ್ಧತಿ. ವಾಸಿಯೂ ಆಗದೆ, ಸಾಯದೆಯೂ ಕೂತವಳನ್ನು ಎರಡನೇ ಸಲ ನೋಡಲು ಏನು ಹಿಡಿದು ಹೋಗಬೇಕೆಂದು ಯಾರಿಗೂ ತಿಳಿಯದು. ಮಂಗಳಮ್ಮನೂ ಈಗ ಬೇಲಿಯಾಚೆಯಿಂದಲೇ ಮಾತಾಡಿಸುತ್ತಾಳೆ.

ನಂಜುಂಡಪ್ಪ ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ, ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ
ಶಿವನಂಜಮ್ಮ

ತಾ.ಕ.: ಆ ದಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಉಸಾರಾದ್ಮೇಲೆ ಸುದ್ದಿ ಕಳ್ಸು ಕಣೇ, ಬತ್ತೀನಿ, ಎಲ್ಡ್ ದಿನ ಇದ್ದೋಯ್ತೀನಿ" ಎಂದೆಯಲ್ಲ, ನಾನೂ ಆಗಲಿ ಎಂದಿದ್ದೆ. ನಾನು ಹುಷಾರಾಗುವುದಿಲ್ಲ ಸುಕನ್ಯ. ಹೀಗೇ ಇರುತ್ತೇನೆ. ಹಣ್ಣು ಗಿಣ್ಣು ಏನೂ ತರಬೇಡ, ಹೀಗಿರುವಾಗಲೇ ಬಾ.