ಭಟ್ಟಿ ಯಾರದು?

ಅಪ್ಪಾ,

ಮೊದಲ ಸಲ ನೀನು ಜೈಲಿಗೆ ಹೊರಟ ದಿನ ಮನೆಯಲ್ಲಿ ಯಾರೂ ಅಳಲಿಲ್ಲ. ಶ್ರೀಗಂಧದ ಕಾವಲಿನ ಹಳ್ಳದಲ್ಲಿ ಸಾಹುಕಾರನ ಕಳ್ಳಭಟ್ಟಿ ಸಿಕ್ಕಿಬಿದ್ದಿತ್ತು. ಪದ್ಧತಿ ಊರಿಗೇ ಗೊತ್ತು: ಭಟ್ಟಿ ಅವನದು, ತಪ್ಪೊಪ್ಪಿಗೆ ನಿನ್ನದು, ನೀನು ಒಳಗಿರುವಷ್ಟು ಕಾಲ ಮನೆಗೆ ಅವನ ರಾಗಿ. "ಮೂರು ತಿಂಗ್ಳು ಕಣ್ಲಾ ಮರಿಯ, ಮಾವನ ಮನೆಗೋಗಿ ಬಂದಂಗೆ" ಎಂದ ಅವನು. ಅವ್ವ ಒಲೆ ಮುಂದಿನಿಂದಲೇ, "ನಮ್ಮಪ್ಪನ ಮನೇಲಿ ಅಳಿಯಂಗೆ ಕೋಳ ಹಾಕ್ತಿರ್ಲಿಲ್ಲ ಬುದ್ಧಿ" ಎಂದಳು. ನೀನು ನಕ್ಕೆ. ಸಾಹುಕಾರನೂ ನಕ್ಕ.

ವಾಪಸು ಬಂದು ನನ್ನ ತಮ್ಮ ತಿಮ್ಮನಿಗೆ ಪಾಠ ಹೇಳಿದ್ದು ನೆನಪಿದೆಯಾ? "ಅಲ್ಲಿ ಕೇಳೋದು ಒಂದೇ ಮಾತು ಕಣೋ, ಭಟ್ಟಿ ಯಾರದು ಅಂತ. ನಂದೇ ಬುದ್ಧಿ ಅಂದ್ಬುಟ್ರೆ ಆಯ್ತು." ತಿಮ್ಮ ಆಗ ಮೀಸೆ ಬಂದ ಗಂಡಸು. ಕಸುಬು ಕಲಿಸಿದ ಹಾಗೆ ಕಲಿಸಿದೆ. ನಾನು ನೂಲಿನ ಗಿರಣಿಯ ಕೂಲಿಕಾರರ ಸಂಘದ ಸಭೆಯಿಂದ ಬಂದು ಕೂಗಾಡಿದರೆ, ನೀನು "ನಿನ್ ಬಾವುಟ ರಾಗಿ ಬೀಸ್ತದಾ?" ಎಂದೆ.

ಮಾರೇನಹಳ್ಳಿಯಲ್ಲಿ ಕುಡಿದವರು ಒದ್ದಾಡಿದ ಆ ಭಾನುವಾರವನ್ನೂ ಬರೆಯಲೇಬೇಕು. ಅಮಲು ಏರಲಿ ಎಂದು ಸಾಹುಕಾರ ಮೇಜು-ಕುರ್ಚಿಗೆ ಪಾಲಿಷ್ ಹಾಕುವ ಸ್ಪಿರಿಟ್ ತರಿಸಿದ್ದ. ಡಬ್ಬ ತಂದವನು ಅವನು, ಹಂಡೆಗೆ ಸುರಿದವನು ನೀನು. ಇದೇನು ಅಂತ ಒಂದು ಮಾತು ಕೇಳಬಾರದಿತ್ತಾ ಅಪ್ಪ? ಇಬ್ಬರು ಸತ್ತರು. ನನ್ನ ಜೊತೆ ನೂಲು ತೆಗೆಯುತ್ತಿದ್ದ ಸಿದ್ದಣ್ಣನ ಎರಡೂ ಕಣ್ಣು ಹೋದವು.

ಆ ಸಲ ನ್ಯಾಯಾಧೀಶರು ಕೇಳಿದಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಹೆಣ ಬಿದ್ದಿದೆ, ಇದು ಮೂರು ತಿಂಗಳ ಕೇಸಲ್ಲ ಎಂದು ನಿನಗೆ ಯಾರೂ ಹೇಳಿರಲಿಲ್ಲ. ನೀನು ರೂಢಿಯಂತೆ, "ನಂದೇ ಬುದ್ಧಿ" ಅಂದೆ. ಏಳು ವರ್ಷ, ಕಠಿಣ ಸಜೆ. ನೀನು ತಿರುಗಿ ಬಾಗಿಲ ಕಡೆ ನೋಡಿದೆ. ಸಾಹುಕಾರ ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ.

ಎರಡು ಹೆಣಕ್ಕೆ ಏಳು ವರ್ಷ ಹೆಚ್ಚಾಯಿತು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ವಿಷ ಕಾಯಿಸಿದವನಿಗೆ ಶಿಕ್ಷೆ ಆಗಲೇಬೇಕು, ಅವನು ನನ್ನಪ್ಪನಾದರೂ ಸರಿ. ಆದರೆ ಅದನ್ನು ಮಾಡಿಸಿ ಮಾರಿದವನಿಗೆ? ಆ ಕೋರ್ಟು ಕಟಕಟೆಯಲ್ಲಿ ನಿಂತವನನ್ನು ಕಂಡಿತು, ತಂದು ನಿಲ್ಲಿಸಿದವನನ್ನು ಹುಡುಕಲಿಲ್ಲ. ಎರಡನೇ ಮಳೆಗಾಲದಲ್ಲಿ ನೀನು ಜೈಲಿನಲ್ಲೇ ಕೆಮ್ಮಿ ಕೆಮ್ಮಿ ಪ್ರಾಣ ಬಿಟ್ಟೆ. ಆ ತಿಂಗಳೇ ರಾಗಿ ನಿಂತಿತು.

ಈಗ ನೀನು ಕೇಳದ ಸುದ್ದಿ. ನಾನು ಎಷ್ಟು ಬೈದರೂ ತಿಮ್ಮ ಸಾಹುಕಾರನ ಭಟ್ಟಿಗೇ ಸೌದೆ ಹಾಕಲು ಹೋಗುತ್ತಿದ್ದ. ಕೆಂಗೇರಿ ಕಡೆಯ ತೋಪಿನಲ್ಲಿ ಅಬಕಾರಿಯವರು ಮುತ್ತಿ ತಿಮ್ಮನನ್ನು ಹಿಡಿದರು. ಈ ಸಲವೂ ಸ್ಪಿರಿಟ್ ಡಬ್ಬ ಸಿಕ್ಕಿತು. ಜಾಮೀನಿನ ಮೇಲೆ ತಿಮ್ಮ ಮನೆಗೆ ಬಂದ ದಿನವೇ ಸಾಹುಕಾರ ಗಾಡಿಯಲ್ಲಿ ರಾಗಿ ಮೂಟೆ ಹೇರಿಕೊಂಡು ಬಂದ. "ನಿಮ್ಮಪ್ಪ ನಂಬಿಗಸ್ತ ಕಣೋ ತಿಮ್ಮ." ತಿಮ್ಮ ತಲೆ ತಗ್ಗಿಸಿ ಕೂತಿದ್ದ. ಅವ್ವ ಮೂಟೆಯನ್ನು ದರದರ ಎಳೆದು ಹೊಸಿಲಾಚೆ ನೂಕಿದಳು. "ಒಂದು ಹೆಣ ಬೇಯ್ಸಿ ಉಂಡಿದೀವಿ. ಇನ್ನೊಂದು ಬ್ಯಾಡ, ತಗೊಂಡೋಗಿ."

ಕೋರ್ಟಿನಲ್ಲಿ ಅದೇ ಪ್ರಶ್ನೆ. ತಿಮ್ಮ ಒಮ್ಮೆ ತಿರುಗಿ ನನ್ನ ಕಡೆ ನೋಡಿದ. ನಾನು ಸೆರಗು ಹಿಂಡುತ್ತಿದ್ದೆ. ಆಮೇಲೆ, "ಬೆಂಕಿ ಹಾಕಿದ್ದು ನಾನು ಸ್ವಾಮಿ. ಭಟ್ಟಿ ಸಾಹುಕಾರ್ರದು" ಎಂದ. ಅದನ್ನು ಕೇಳಿ ಭಟ್ಟಿಗೆ ಬೆಲ್ಲ ಸಾಗಿಸುತ್ತಿದ್ದ ಗಾಡಿಯವನೂ, ಸ್ಪಿರಿಟ್ ಮಾರಿದ ಅಂಗಡಿಯವನೂ ಬಾಯಿ ಬಿಟ್ಟರು. ತಿಮ್ಮನಿಗೆ ಒಂದು ವರ್ಷ. ಬೇಕಾದದ್ದೇ. ಸಾಹುಕಾರನಿಗೆ ಏಳು. ಮೇಲಿನ ಕೋರ್ಟಿಗೆ ಹೋಗುತ್ತಾನಂತೆ. ಹೋಗಲಿ, ಅಲ್ಲಿಗೂ ಬರುತ್ತೇವೆ.

ತೀರ್ಪಿನ ದಿನ ಸಿದ್ದಣ್ಣನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದೆ. ಸಾಹುಕಾರ "ನಂದಲ್ಲ ಸ್ವಾಮಿ, ನಂದಲ್ಲ" ಎಂದು ಗೋಳಾಡುತ್ತಿದ್ದ. ಸಿದ್ದಣ್ಣ ಕಿವಿಗೊಟ್ಟು ಕೇಳಿದ.

"ಆ ಗಂಟ್ಲು ಎಲ್ಲಿಂದ ಬರ್ತಾ ಐತಮ್ಮ?"

"ಕಟಕಟೆಯಿಂದ ಕಣಣ್ಣ."

"ಇನ್ನೊಂದ್ಸಲ ಹೇಳವ್ವ."

ಹೇಳಿದೆ. ನಿನಗೂ ಹೇಳುತ್ತಿದ್ದೇನೆ.

ನಿನ್ನ ಮಗಳು,
ಕೆಂಪಿ